ಮಳೆಯಲ್ಲಿ ನದಿ ದಂಡೆಯ ಚಿತ್ರಗಳು: ಪುಟ್ಟ ಕ್ಯಾಮೆರಾದ ಲೆಕ್ಕ ಎಲ್ಲಿ ತಪ್ಪುತ್ತದೆ, ಏಕೆ ತಪ್ಪುತ್ತದೆ

ಮೊಬೈಲ್ ಫೋನ್‌ಗಳ ಕಾಲದಲ್ಲಿ ಕಾಂಪ್ಯಾಕ್ಟ್ ಕ್ಯಾಮೆರಾಗಳ ಕಥೆ ಮುಗಿಯಿತು ಎಂದುಕೊಂಡಿದ್ದವರ ಎದುರಿಗೇ ಅವು ಮತ್ತೆ ಜನರ ಕೈಗೆ ಬರುತ್ತಿವೆ. ಕಪಾಟಿನಲ್ಲಿ ಮಲಗಿದ್ದ ಹಳೆಯದನ್ನು ಹೊರತೆಗೆದವರೂ ಹೊಸದನ್ನು ಕೊಂಡವರೂ ಮಳೆ ಹಿಡಿದ ದಿನ ಅದನ್ನು ಜೇಬಿಗೆ ಹಾಕಿಕೊಂಡು ನದಿಯ ದಂಡೆಗೆ ಹೊರಡುತ್ತಾರೆ. ತೊಯ್ದ ಬಂಡೆಗಳ ಗಾಢ ಬಣ್ಣ, ನೀರಿನ ಮೇಲೆ ಹನಿಗಳು ಎಬ್ಬಿಸುವ ಉಂಗುರಗಳು, ಆಚೆ ದಡದ ಮರಗಳ ನಡುವೆ ತೇಲುವ ಮಂಜು ಇವೆಲ್ಲ ಕಣ್ಣಿಗೆ ಸೊಗಸಾಗಿ ಕಾಣುತ್ತವೆ. ಮನೆಗೆ ಬಂದು ಚಿತ್ರಗಳನ್ನು ತೆರೆದರೆ ಆಕಾಶ ಬರೀ ಬಿಳಿಯಾಗಿ, ದಂಡೆ ಕಪ್ಪಾಗಿ, ನೀರು ಬೂದಾಗಿ ಕಾಣುತ್ತದೆ; ಸುರಿಯುತ್ತಿದ್ದ ಮಳೆಯ ಗುರುತೇ ಇರುವುದಿಲ್ಲ.

ಬೆಳಕು ಸಾಲದೆ ಹೀಗಾಯಿತು ಎಂದು ಹೆಚ್ಚಿನವರು ಭಾವಿಸುತ್ತಾರೆ. ಬೆಳಕಿನ ಕೊರತೆಗೆ ಇದರಲ್ಲಿ ಪಾಲಿದೆ, ಆದರೆ ಅದು ಸಣ್ಣ ಪಾಲು. ಕ್ಯಾಮೆರಾದ ಸ್ವಯಂಚಾಲಿತ ವ್ಯವಸ್ಥೆಯು ಎದುರಿಗಿರುವ ದೃಶ್ಯದ ಬಗ್ಗೆ ಕೆಲವು ಊಹೆಗಳನ್ನು ಮಾಡಿಕೊಂಡು ಕೆಲಸ ಮಾಡುತ್ತದೆ, ಮತ್ತು ಮಳೆಯ ದಿನ ನೀರಿನ ಅಂಚಿನಲ್ಲಿ ನಿಂತಾಗ ಆ ಊಹೆಗಳು ಒಂದೊಂದಾಗಿ ಸುಳ್ಳಾಗುತ್ತವೆ. ಯಾವ ಊಹೆ ಎಲ್ಲಿ ತಪ್ಪುತ್ತದೆ ಎಂಬುದು ತಿಳಿದರೆ, ಎರಡು ಮೂರು ಗುಂಡಿಗಳನ್ನು ನಾವೇ ನಿಯಂತ್ರಿಸುವ ಮೂಲಕ ಅದೇ ಪುಟ್ಟ ಕ್ಯಾಮೆರಾದಿಂದ ಕಣ್ಣಿಗೆ ಕಂಡದ್ದಕ್ಕೆ ಹತ್ತಿರವಾದ ಚಿತ್ರವನ್ನು ಪಡೆಯಬಹುದು.

ಮೋಡದ ಬೆಳಕು ಎಷ್ಟು, ಎಂಥದು

ನೆತ್ತಿಯ ಬಿಸಿಲಿನಲ್ಲಿ ನೆಲದ ಮೇಲೆ ಬೀಳುವ ಬೆಳಕು ಸುಮಾರು 1,00,000 ಲಕ್ಸ್. ಲಕ್ಸ್ ಎಂದರೆ ಒಂದು ಮೇಲ್ಮೈಯ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಎಂಬುದನ್ನು ಅಳೆಯುವ ಮಾನ. ದಟ್ಟ ಮೋಡ ಕವಿದಾಗ ಇದು 10,000ಕ್ಕೂ, ಮಳೆಮೋಡ ಇನ್ನೂ ದಪ್ಪವಾಗಿದ್ದರೆ ಒಂದೆರಡು ಸಾವಿರಕ್ಕೂ ಇಳಿಯಬಹುದು. ಇಷ್ಟು ದೊಡ್ಡ ಇಳಿಕೆ ನಮ್ಮ ಗಮನಕ್ಕೆ ಪೂರ್ತಿಯಾಗಿ ಬರುವುದಿಲ್ಲ, ಏಕೆಂದರೆ ಕಣ್ಣು ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕ್ಯಾಮೆರಾಗೆ ಮಾತ್ರ ಹತ್ತು ಪಟ್ಟು ಅಥವಾ ಐವತ್ತು ಪಟ್ಟು ಕಡಿಮೆ ಬೆಳಕಿನಲ್ಲಿ ಅದೇ ಕೆಲಸ ಮಾಡಬೇಕಾದ ಸ್ಥಿತಿ.

ಪ್ರಮಾಣ ಇಳಿದರೂ ಗುಣದಲ್ಲಿ ಮೋಡದ ಬೆಳಕು ಬಿಸಿಲಿಗಿಂತ ಹೆಚ್ಚು ಅನುಕೂಲಕರ. ಬಿಸಿಲಿನಲ್ಲಿ ಬೆಳಕು ಒಂದೇ ದಿಕ್ಕಿನಿಂದ ಬಂದು ಗಟ್ಟಿ ನೆರಳುಗಳನ್ನು ಕೆತ್ತುತ್ತದೆ. ಮೋಡದ ದಿನ ಇಡೀ ಆಕಾಶವೇ ದೀಪವಾಗುವುದರಿಂದ ನೆರಳುಗಳು ಕರಗಿ, ಬಂಡೆಯ ಸಂದಿಯೊಳಗೂ ಎಲೆಯ ಅಡಿಗೂ ಬೆಳಕು ತಲುಪುತ್ತದೆ. ಇದರ ಜೊತೆಗೆ ಒದ್ದೆಯಾದ ಮೇಲ್ಮೈಗಳ ಬಣ್ಣವೂ ಗಾಢವಾಗುತ್ತದೆ. ಒಣ ಬಂಡೆಯ ಒರಟು ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕುಗಳಿಗೆ ಚದುರಿಸುವುದರಿಂದ ಅದರ ಮೇಲೆ ಒಂದು ತೆಳು ಬಿಳಿಚು ಕವಿದಂತಿರುತ್ತದೆ. ನೀರಿನ ತೆಳು ಪದರ ಆ ಒರಟುತನವನ್ನು ಮುಚ್ಚುತ್ತದೆ. ಕಲ್ಲಿಗೆ ತಾಗಿ ಹಿಂದಿರುಗುವ ಬೆಳಕಿನ ಒಂದು ಭಾಗವು ಪದರದ ಒಳಮೈಗೆ ಬಡಿದು ಮತ್ತೆ ಕಲ್ಲಿಗೇ ಮರಳುತ್ತದೆ ಮತ್ತು ಪ್ರತಿ ಸುತ್ತಿನಲ್ಲೂ ಇನ್ನಷ್ಟು ಹೀರಲ್ಪಡುತ್ತದೆ. ಒದ್ದೆ ಕಲ್ಲು, ಒದ್ದೆ ತೊಗಟೆ, ಒದ್ದೆ ಮಣ್ಣು ಕಪ್ಪಾಗಿ, ಬಣ್ಣ ತುಂಬಿ ಕಾಣುವುದು ಈ ಕಾರಣಕ್ಕೆ. ಮಳೆಯಲ್ಲಿ ದಂಡೆಯ ಮೇಲೆ ನಡೆಯುವವರಿಗೆ ಸಿಗುವ ಅತ್ಯುತ್ತಮ ವಸ್ತು ಇದೇ ಎಂದು ನಾನು ಎಣಿಸುತ್ತೇನೆ. ದೂರದ ವಿಶಾಲ ದೃಶ್ಯಕ್ಕಿಂತ ಕಾಲ ಬಳಿಯ ಕಲ್ಲು, ಪಾಚಿ, ಬೇರುಗಳು ಈ ಬೆಳಕಿನಲ್ಲಿ ಹೆಚ್ಚು ಚೆನ್ನಾಗಿ ಮೂಡುತ್ತವೆ.

ಬೆಳಕನ್ನು ಹಿಡಿಯುವ ಬಗೆ

ಚಿತ್ರವೊಂದು ಎಷ್ಟು ಬೆಳ್ಳಗೆ ಅಥವಾ ಕಪ್ಪಗೆ ಬರುತ್ತದೆ ಎಂಬುದನ್ನು ಎಕ್ಸ್‌ಪೋಷರ್ ಎನ್ನುತ್ತಾರೆ. ಅದನ್ನು ಅರ್ಥ ಮಾಡಿಕೊಳ್ಳಲು ಮಳೆಯನ್ನೇ ನೆನೆಯಬಹುದು. ಅಂಗಳದಲ್ಲಿ ಒಂದು ಪಾತ್ರೆಯನ್ನಿಟ್ಟರೆ ಅದರಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂಬುದು ಮಳೆಯ ಬಿರುಸಿನ ಜೊತೆಗೆ ಪಾತ್ರೆಯ ಬಾಯಿಯ ಅಗಲವನ್ನೂ, ಅದನ್ನು ಹೊರಗಿಟ್ಟ ಸಮಯವನ್ನೂ ಅವಲಂಬಿಸಿರುತ್ತದೆ. ಕ್ಯಾಮೆರಾದಲ್ಲಿ ಬಾಯಿಯ ಅಗಲವೆಂದರೆ ಅಪರ್ಚರ್, ಅಂದರೆ ಲೆನ್ಸ್‌ನೊಳಗೆ ಬೆಳಕು ಹಾದುಹೋಗುವ ರಂಧ್ರ. ಹೊರಗಿಟ್ಟ ಸಮಯವೆಂದರೆ ಶಟರ್ ವೇಗ.

ಅಪರ್ಚರ್ ಅನ್ನು ಎಫ್ 2.8, ಎಫ್ 5.6 ಎಂಬ ಸಂಖ್ಯೆಗಳಲ್ಲಿ ಹೇಳುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಶಟರ್ ವೇಗವನ್ನು 1/30, 1/125 ಎಂದು ಸೆಕೆಂಡಿನ ಭಾಗಗಳಲ್ಲಿ ಹೇಳುತ್ತಾರೆ. ಬೆಳಕನ್ನು ದುಪ್ಪಟ್ಟು ಅಥವಾ ಅರ್ಧ ಮಾಡುವ ಪ್ರತಿಯೊಂದು ಹೆಜ್ಜೆಗೆ ಸ್ಟಾಪ್ ಎಂದು ಹೆಸರು. ಮೂರನೆಯ ಹಿಡಿತವಾದ ಐಎಸ್ಒ ಬೇರೆ ಜಾತಿಯದು: ಅದನ್ನು 100ರಿಂದ 800ಕ್ಕೆ ಏರಿಸಿದರೆ ಹೆಚ್ಚಿನ ಬೆಳಕೇನೂ ಒಳಗೆ ಬರುವುದಿಲ್ಲ, ಬಂದಷ್ಟು ಬೆಳಕಿನ ಸಂಕೇತವನ್ನು ಕ್ಯಾಮೆರಾ ಹಿಗ್ಗಿಸಿ ತೋರಿಸುತ್ತದೆ. ಹಿಗ್ಗಿಸುವಾಗ ಸಂಕೇತದ ಜೊತೆಗಿದ್ದ ಏರುಪೇರುಗಳೂ ಹಿಗ್ಗುತ್ತವೆ. ಚಿತ್ರದ ಕಪ್ಪು ಭಾಗಗಳಲ್ಲಿ ಕಾಣುವ ಮರಳಿನಂಥ ಚುಕ್ಕೆಗಳು, ಅಂದರೆ ನಾಯ್ಸ್, ಅವೇ.

ಲೆಕ್ಕವೊಂದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ದಪ್ಪ ಮಳೆಮೋಡದ ಅಡಿಯಲ್ಲಿ, ತೆರೆದ ದಂಡೆಯ ಮೇಲೆ, ಐಎಸ್ಒ 100 ಮತ್ತು ಎಫ್ 2.8 ಇಟ್ಟರೆ ಸುಮಾರು 1/125 ಸೆಕೆಂಡ್ ಸಾಕಾಗುತ್ತದೆ; ಕೈಯಲ್ಲಿ ಹಿಡಿದು ತೆಗೆಯಲು ಇದು ಯಾವ ತೊಂದರೆಯೂ ಇಲ್ಲದ ವೇಗ. ಅಲ್ಲಿಂದ ಮರಗಳ ಅಡಿಗೆ ಬಂದರೆ ಎರಡು ಸ್ಟಾಪ್‌ನಷ್ಟು ಬೆಳಕು ಇಳಿದು 1/30 ಸೆಕೆಂಡ್ ಬೇಕಾಗುತ್ತದೆ. ಈಗ ಆಚೆ ದಡದ ಹಕ್ಕಿಯೊಂದನ್ನು ಹಿಡಿಯಲು ಜೂಮ್ ಮಾಡಿದಿರಿ ಎನ್ನಿ. ಅನೇಕ ಕಾಂಪ್ಯಾಕ್ಟ್‌ಗಳ ಲೆನ್ಸ್ ಜೂಮ್ ಮಾಡಿದಂತೆ ಎಫ್ 2.8ರಿಂದ ಎಫ್ 5.6ರ ಆಸುಪಾಸಿಗೆ ಕಿರಿದಾಗುತ್ತದೆ, ಅಂದರೆ ಬೆಳಕು ಇನ್ನೂ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಶಟರ್ 1/8 ಸೆಕೆಂಡಿಗೆ ಬರುತ್ತದೆ. ಜೂಮ್ ಮಾಡಿದಾಗ ಕೈಯ ಸಣ್ಣ ನಡುಕವೂ ದೊಡ್ಡದಾಗುವುದರಿಂದ ಹಿಂದಿಗಿಂತ ವೇಗದ ಶಟರ್ ಬೇಕಿತ್ತು. ಸಿಕ್ಕಿದ್ದು ಅದಕ್ಕೆ ತದ್ವಿರುದ್ಧ. ಕ್ಯಾಮೆರಾ ಐಎಸ್ಒವನ್ನು 1600ಕ್ಕೋ 3200ಕ್ಕೋ ಏರಿಸಿ ಇದನ್ನು ಸರಿದೂಗಿಸುತ್ತದೆ, ಮತ್ತು ನಾಯ್ಸ್ ತುಂಬಿ ಚಿತ್ರ ಮಸುಕಾಗಿ ಬರುತ್ತದೆ. ಮಳೆಯಲ್ಲಿ ಜೂಮ್ ಬಳಸದೆ ಅಗಲ ತುದಿಯಲ್ಲೇ, ಅಂದರೆ ಅತಿ ಅಗಲದ ದೃಶ್ಯ ಹಿಡಿಯುವ ಸ್ಥಿತಿಯಲ್ಲೇ, ಉಳಿಯಿರಿ ಎಂದು ಹೇಳುವುದು ಈ ಲೆಕ್ಕದಿಂದ. ಕೈ ನಡುಕವನ್ನು ತಡೆಯುವ ಸ್ಟೆಬಿಲೈಸೇಷನ್ ಸೌಲಭ್ಯವಿದ್ದರೆ ನಿಂತಿರುವ ಬಂಡೆಗೆ ಅದು ನೆರವಾಗುತ್ತದೆ. ಅಲುಗಾಡುವ ಹಕ್ಕಿಗೆ ನೆರವಾಗದು.

ಸೆನ್ಸರ್ ಚಿಕ್ಕದೆಂದರೆ ಏನರ್ಥ

ಬೆಳಕನ್ನು ಚಿತ್ರವಾಗಿ ಬದಲಿಸುವ ಫಲಕಕ್ಕೆ ಸೆನ್ಸರ್ ಎನ್ನುತ್ತಾರೆ. ಸಾಮಾನ್ಯ ಕಾಂಪ್ಯಾಕ್ಟ್‌ಗಳಲ್ಲಿ ಇದರ ಅಳತೆ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಸೋನಿ ಕಂಪನಿ 2012ರಲ್ಲಿ ತಂದ ಆರ್‌ಎಕ್ಸ್100 ಮಾದರಿಯಿಂದ ಜನಪ್ರಿಯವಾದ ಒಂದು ಇಂಚು ಎಂದು ಕರೆಯುವ ವರ್ಗದ ಸೆನ್ಸರ್‌ನ ನಿಜವಾದ ಅಳತೆ 13.2 x 8.8 ಮಿಲಿಮೀಟರ್, ಅಂದರೆ ವಿಸ್ತೀರ್ಣದಲ್ಲಿ ಮೊದಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ರಿಕೋ ಜಿಆರ್ ಸರಣಿಯ 2013ರ ನಂತರದ ಡಿಜಿಟಲ್ ಮಾದರಿಗಳಲ್ಲೂ ಫ್ಯೂಜಿಫಿಲ್ಮ್ ಎಕ್ಸ್100 ಸರಣಿಯಲ್ಲೂ ಇನ್ನೂ ದೊಡ್ಡದಾದ, ಸುಮಾರು 23.5 x 15.6 ಮಿಲಿಮೀಟರ್ ಅಳತೆಯ ಸೆನ್ಸರ್ ಇದೆ. ಒಂದೇ ಅಪರ್ಚರ್ ಸಂಖ್ಯೆ, ಒಂದೇ ಶಟರ್ ವೇಗದಲ್ಲಿ ವಿಸ್ತೀರ್ಣ ಹೆಚ್ಚಿದಷ್ಟೂ ಒಟ್ಟು ಬೆಳಕು ಹೆಚ್ಚು ಸಂಗ್ರಹವಾಗುತ್ತದೆ, ನಾಯ್ಸ್ ಕಡಿಮೆಯಾಗುತ್ತದೆ. ಆದ್ದರಿಂದ ನಿಮ್ಮ ಕ್ಯಾಮೆರಾದ ಸೆನ್ಸರ್ ಯಾವ ವರ್ಗದ್ದು ಎಂದು ತಿಳಿದಿರುವುದು ಒಳ್ಳೆಯದು. ಅತಿ ಚಿಕ್ಕ ವರ್ಗದ್ದಾಗಿದ್ದರೆ ಐಎಸ್ಒ 800ಕ್ಕಿಂತ ಮೇಲೇರದಂತೆ ಮಿತಿ ಹಾಕುವುದು ಕ್ಷೇಮ, ದೊಡ್ಡ ವರ್ಗದ್ದಾದರೆ 3200 ಸಹ ಚೆನ್ನಾಗಿಯೇ ಬರಬಹುದು.

ಚಿಕ್ಕ ಸೆನ್ಸರ್‌ನಿಂದ ಲಾಭವೂ ಇದೆ. ಅದರ ಮುಂದಿನ ಲೆನ್ಸ್‌ನ ಸಂಗಮ ದೂರ, ಅಂದರೆ ದೂರದಿಂದ ಬಂದ ಬೆಳಕು ಲೆನ್ಸ್ ದಾಟಿ ಒಂದು ಬಿಂದುವಿಗೆ ಕೂಡುವ ದೂರ, ತೀರ ಕಡಿಮೆ, ಅಗಲ ತುದಿಯಲ್ಲಿ ನಾಲ್ಕೂವರೆ ಮಿಲಿಮೀಟರ್‌ನಷ್ಟೇ. ಇಂಥ ಲೆನ್ಸ್‌ನಲ್ಲಿ ಎಫ್ 2.8 ಇಟ್ಟು ಒಂದೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಮುಕ್ಕಾಲು ಮೀಟರ್‌ನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ದೊಡ್ಡ ಕ್ಯಾಮೆರಾ ಹಿಡಿದವರು ಕಾಲ ಬಳಿಯ ಕಲ್ಲನ್ನೂ ಆಚೆ ದಡವನ್ನೂ ಒಟ್ಟಿಗೆ ಸ್ಪಷ್ಟವಾಗಿಸಲು ಅಪರ್ಚರ್ ಕಿರಿದು ಮಾಡಿ ಬೆಳಕನ್ನು ಕಳೆದುಕೊಳ್ಳಬೇಕು. ನಿಮಗೆ ಆ ಅಗತ್ಯವೇ ಇಲ್ಲ. ಮೇಲಾಗಿ ಪುಟ್ಟ ಸೆನ್ಸರ್‌ನಲ್ಲಿ ಅಪರ್ಚರ್ ಕಿರಿದು ಮಾಡುವುದು ನಷ್ಟದ ಕೆಲಸ. ಸಣ್ಣ ರಂಧ್ರದಲ್ಲಿ ಹಾಯುವ ಬೆಳಕು ಹರಡಿಕೊಳ್ಳುತ್ತದೆ, ಎಫ್ 8ರಲ್ಲಿ ಒಂದು ಬಿಂದುವಿನ ಬೆಳಕು ಸುಮಾರು 10 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗವೇ ಮೈಕ್ರಾನ್) ಅಗಲಕ್ಕೆ ಚಾಚುತ್ತದೆ, ಆದರೆ ಇಂಥ ಸೆನ್ಸರ್‌ನ ಒಂದು ಪಿಕ್ಸೆಲ್‌ನ ಅಗಲ ಬರೀ ಒಂದೂವರೆ ಮೈಕ್ರಾನ್‌ನಷ್ಟು. ಆದ್ದರಿಂದ ಮಳೆಯಲ್ಲಿ ಅಪರ್ಚರ್ ಅನ್ನು ಪೂರ್ತಿ ತೆರೆದೇ ಇಡಬಹುದು.

ಬಿಳಿ ಆಕಾಶ ಮಾಡುವ ಕಿತಾಪತಿ

ಕ್ಯಾಮೆರಾದ ಅತಿ ದೊಡ್ಡ ತಪ್ಪು ಊಹೆ ಇಲ್ಲಿದೆ. ಎದುರಿಗಿರುವ ವಸ್ತು ಬಿಳಿಯೋ ಕಪ್ಪೋ ಎಂದು ಬೆಳಕಿನ ಮಾಪಕಕ್ಕೆ ಗೊತ್ತಿಲ್ಲ. ಯಾವುದೇ ದೃಶ್ಯವನ್ನು ಸರಾಸರಿ ಮಾಡಿದರೆ ಅದು ನಡುಬೂದು ಬಣ್ಣಕ್ಕೆ ಬರುತ್ತದೆ ಎಂಬ ನಂಬಿಕೆಯ ಮೇಲೆ ಅದನ್ನು ರೂಪಿಸಲಾಗಿದೆ. ಈಚಿನ ಕ್ಯಾಮೆರಾಗಳು ಚೌಕಟ್ಟನ್ನು ಅನೇಕ ಭಾಗಗಳಾಗಿ ಅಳೆದು ಇದಕ್ಕಿಂತ ಜಾಣತನ ತೋರಿಸುತ್ತವೆ, ಆದರೂ ತಳಹದಿ ಅದೇ.

ನದಿ ದಂಡೆಯಲ್ಲಿ ಮಳೆಯ ದಿನ ಈ ನಂಬಿಕೆ ಎರಡು ಸಲ ಮೋಸ ಹೋಗುತ್ತದೆ. ಚೌಕಟ್ಟಿನ ಮೇಲ್ಭಾಗದಲ್ಲಿ ಮೋಡದ ಬಿಳಿ ಹಾಳೆ, ಕೆಳಭಾಗದಲ್ಲಿ ಅದೇ ಮೋಡವನ್ನು ಪ್ರತಿಫಲಿಸುವ ನೀರು. ನಡುವೆ ಒಂದು ಪಟ್ಟಿಯಷ್ಟು ಅಗಲಕ್ಕೆ ಮರಗಳು ಮತ್ತು ದಡ. ಚಿತ್ರದ ಬಹುಭಾಗ ಹೊಳೆಯುತ್ತಿರುವುದನ್ನು ಕಂಡ ಮಾಪಕ, ಬೆಳಕು ಜಾಸ್ತಿಯಾಯಿತೆಂದು ತಿಳಿದು ಎಕ್ಸ್‌ಪೋಷರ್ ಅನ್ನು ಇಳಿಸುತ್ತದೆ. ಬಿಳಿ ಆಕಾಶ ಬೂದಾಗುತ್ತದೆ, ಮರಗಳು ಮಸಿಯ ಗೆರೆಯಾಗುತ್ತವೆ. ಮಂಜು ತುಂಬಿದ ದೃಶ್ಯಕ್ಕೂ, ಬಿಳಿ ನೊರೆ ತುಂಬಿದ ಜಲಪಾತಕ್ಕೂ ಇದೇ ಗತಿ. ಇನ್ನೊಂದು ಕಡೆ, ಚೌಕಟ್ಟಿನ ತುಂಬ ಒದ್ದೆಯಾದ ಕರಿ ಬಂಡೆಯೇ ಇದ್ದರೆ ಕ್ಯಾಮೆರಾ ಕತ್ತಲೆಂದು ಭಾವಿಸಿ ಎಕ್ಸ್‌ಪೋಷರ್ ಏರಿಸುತ್ತದೆ, ಮತ್ತು ಆ ಸುಂದರ ಕಪ್ಪು ಬಣ್ಣ ತೊಳೆದ ಬೂದಿಯಾಗುತ್ತದೆ.

ಇದನ್ನು ತಿದ್ದುವ ಗುಂಡಿಯೇ ಎಕ್ಸ್‌ಪೋಷರ್ ಕಾಂಪೆನ್ಸೇಷನ್. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದರ ಮೇಲೆ ಕೂಡಿಸುವ ಮತ್ತು ಕಳೆಯುವ ಚಿಹ್ನೆಗಳು ಜೊತೆಯಾಗಿ ಇರುತ್ತವೆ. ದೃಶ್ಯದಲ್ಲಿ ಬಿಳಿ ಹೆಚ್ಚಿದ್ದರೆ +0.7 ಅಥವಾ +1, ಕಪ್ಪು ಹೆಚ್ಚಿದ್ದರೆ −0.7 ಎಂದು ಇಟ್ಟು ನೋಡಬೇಕು. ಬಿಳಿಯಿದ್ದಾಗ ಏರಿಸಬೇಕು, ಕಪ್ಪಿದ್ದಾಗ ಇಳಿಸಬೇಕು ಎಂಬುದು ಮೊದಲು ವಿಚಿತ್ರವೆನಿಸಬಹುದು. ಮಾಪಕ ಎಲ್ಲವನ್ನೂ ಬೂದಿಗೆ ಎಳೆಯುತ್ತದೆ, ನಾವು ಅದನ್ನು ಅದರ ನಿಜವಾದ ಜಾಗಕ್ಕೆ ಹಿಂದಿರುಗಿಸುತ್ತಿದ್ದೇವೆ ಎಂದು ನೆನಪಿಟ್ಟರೆ ಗೊಂದಲವಾಗದು.

ಏರಿಸಿದಾಗ ಆಕಾಶ ಪೂರ್ತಿ ಬಿಳಿಚಿಕೊಳ್ಳುವ ಅಪಾಯವಿದೆ. ಹಿಸ್ಟೋಗ್ರಾಮ್ ಎಂಬ ನಕ್ಷೆಯನ್ನು ಪರದೆಯ ಮೇಲೆ ತಂದುಕೊಂಡರೆ ಅದು ಮುಂಚಿತವಾಗಿ ತಿಳಿಯುತ್ತದೆ: ಎಡತುದಿ ಕಪ್ಪನ್ನೂ ಬಲತುದಿ ಬಿಳಿಯನ್ನೂ ಸೂಚಿಸುತ್ತದೆ, ಬಲತುದಿಯ ಗೋಡೆಗೆ ಒತ್ತಿ ನಿಂತ ಭಾಗದಲ್ಲಿ ವಿವರ ಉಳಿದಿಲ್ಲವೆಂದು ಅರ್ಥ. ಮಳೆಯ ಆಕಾಶದಲ್ಲಿ ಉಳಿಸಿಕೊಳ್ಳುವಂಥ ವಿವರ ಎಷ್ಟೋ ಸಲ ಇರುವುದೇ ಇಲ್ಲ. ಹಾಗಿದ್ದಾಗ ನನಗೆ ಸರಿಯೆನಿಸುವ ದಾರಿ, ಕ್ಯಾಮೆರಾವನ್ನು ಸ್ವಲ್ಪ ಕೆಳಗೆ ಬಾಗಿಸಿ ಆಕಾಶವನ್ನು ಚೌಕಟ್ಟಿನಿಂದ ಹೊರಗಿಡುವುದು. ಈ ಒಂದೇ ಚಲನೆಯಿಂದ ಮಾಪಕದ ಗೊಂದಲ ಬಹುಪಾಲು ಪರಿಹಾರವಾಗುತ್ತದೆ. ಕ್ಯಾಮೆರಾದಲ್ಲಿ ರಾ ಕಡತದ, ಅಂದರೆ ಸೆನ್ಸರ್‌ನ ದಾಖಲೆಯನ್ನು ಸಂಸ್ಕರಿಸದೆ ಹಾಗೇ ಉಳಿಸುವ ಕಡತದ, ಸೌಲಭ್ಯವಿದ್ದರೆ ಅದನ್ನೂ ಬಳಸಬಹುದು: ಸಾಮಾನ್ಯ ಜೆಪೆಗ್ ಚಿತ್ರ ಪ್ರತಿ ಬಣ್ಣವನ್ನು 256 ಹಂತಗಳಲ್ಲಿ ದಾಖಲಿಸಿದರೆ, 12 ಬಿಟ್‌ಗಳ ರಾ ಕಡತ 4,096 ಹಂತಗಳಲ್ಲಿ ದಾಖಲಿಸುತ್ತದೆ, ಆದ್ದರಿಂದ ಕಪ್ಪಾದ ದಡವನ್ನು ಆಮೇಲೆ ಬೆಳಗಿಸಲು ಹೆಚ್ಚು ಅವಕಾಶವಿರುತ್ತದೆ.

ಬಣ್ಣದ ವಿಷಯವೂ ಇಲ್ಲಿಗೆ ಸೇರುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಮಾನದಲ್ಲಿ ಹೇಳುವಾಗ ನಡುಹಗಲ ಬಿಸಿಲು ಸುಮಾರು 5,500, ಮೋಡದ ಬೆಳಕು ಸುಮಾರು 6,500. ಸಂಖ್ಯೆ ಏರಿದಂತೆ ಬೆಳಕು ನೀಲಿಗೆ ತಿರುಗುತ್ತದೆ. ಬೆಳಕಿಗೆ ತಕ್ಕಂತೆ ಬಣ್ಣವನ್ನು ಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಮೋಡದ ಚಿಹ್ನೆಗೆ ಇಟ್ಟರೆ ಕ್ಯಾಮೆರಾ ಸ್ವಲ್ಪ ಹಳದಿ ಬೆರೆಸಿ ಇದನ್ನು ಸರಿದೂಗಿಸುತ್ತದೆ.

ನೀರು ಕನ್ನಡಿಯಾಗುವುದು ಯಾವಾಗ

ಒಂದೇ ನದಿ ಕಾಲ ಬಳಿ ಪಾರದರ್ಶಕವಾಗಿ, ದೂರದಲ್ಲಿ ಬೆಳ್ಳಿಯ ತಗಡಾಗಿ ಕಾಣುವುದು ನೋಡುವ ಕೋನದಿಂದ. ನೀರಿನ ಮೇಲೆ ಬಾಗಿ ನೇರ ಕೆಳಗೆ ನೋಡಿದರೆ ಅದು ಬೆಳಕಿನ ಶೇಕಡಾ 2ರಷ್ಟನ್ನು ಮಾತ್ರ ಪ್ರತಿಫಲಿಸುತ್ತದೆ, ಹಾಗಾಗಿ ತಳದ ಕಲ್ಲುಗಳು ಕಾಣುತ್ತವೆ. ನೋಟ ಓರೆಯಾದಂತೆ ಪ್ರತಿಫಲನ ಮೊದಲು ನಿಧಾನವಾಗಿ, ಆಮೇಲೆ ಒಮ್ಮೆಲೇ ಏರುತ್ತದೆ. ಲಂಬದಿಂದ 80 ಡಿಗ್ರಿ ಓರೆಯಲ್ಲಿ ಅದು ಮೂರನೇ ಒಂದು ಭಾಗವನ್ನು ಮುಟ್ಟುತ್ತದೆ. ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿದರೆ ಆಕಾಶದ ಬಿಳಿ ಹೆಚ್ಚುತ್ತದೆ, ಎತ್ತರದ ದಂಡೆಯಿಂದ ಕೆಳಗೆ ನೋಡಿದರೆ ನೀರಿನ ಸ್ವಂತ ಬಣ್ಣ ಸಿಗುತ್ತದೆ. ಹನಿಗಳು ಬಿದ್ದು ಹರಡುವ ಉಂಗುರಗಳನ್ನು ಹಿಡಿಯಬೇಕಾದರೆ ಇವೆರಡರ ನಡುವಿನ ಕೋನ ಬೇಕು, ಮತ್ತು ಆ ಭಾಗದ ನೀರಿನಲ್ಲಿ ಆಕಾಶದ ಬದಲು ಮರದ ಕಡು ನೆರಳು ಪ್ರತಿಫಲಿಸುತ್ತಿರಬೇಕು. ಆಗ ಪ್ರತಿ ಉಂಗುರದ ಏರು ಮೈ ಆಕಾಶದ ಬಿಳಿಯನ್ನು ಹಿಡಿದು ಕಪ್ಪು ಹಿನ್ನೆಲೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಶಟರ್ 1/250 ಸೆಕೆಂಡಿನಷ್ಟಿದ್ದರೆ ಗೆರೆಗಳು ಕಲಸುವುದಿಲ್ಲ.

ಲಂಬದಿಂದ ಸುಮಾರು 53 ಡಿಗ್ರಿ ಓರೆಯಲ್ಲಿ ನೀರಿನಿಂದ ಪ್ರತಿಫಲಿಸುವ ಬೆಳಕು ಒಂದೇ ಸಮತಲದಲ್ಲಿ ಕಂಪಿಸುತ್ತದೆ. ಇಂಥ ಬೆಳಕನ್ನು ಪೋಲರೈಸರ್ ಎಂಬ ಗಾಜು ತಡೆಯಬಲ್ಲದು. ಅದನ್ನು ತಿರುಗಿಸುತ್ತಾ ಹೋದಂತೆ ನೀರಿನ ಹೊಳಪು ಮಾಯವಾಗಿ ತಳ ಕಾಣುತ್ತದೆ. ಒದ್ದೆ ಎಲೆಗಳ ಮೇಲಿನ ಬಿಳಿ ಮಿನುಗು ಕರಗಿ ಹಸಿರು ಹೊರಬರುತ್ತದೆ. ಪೋಲರೈಸರ್ ಬಿಸಿಲಿನ ನೀಲಿ ಆಕಾಶಕ್ಕಷ್ಟೇ ಎಂಬ ತಿಳಿವಳಿಕೆ ವ್ಯಾಪಕವಾಗಿದ್ದರೂ ಮಳೆಯ ದಿನ ಅದರ ಉಪಯೋಗ ಇನ್ನೂ ಹೆಚ್ಚು. ಫಿಲ್ಟರ್ ಕೂರಿಸಲು ತಿರುಪಿಲ್ಲದ ಕಾಂಪ್ಯಾಕ್ಟ್ ಆದರೆ ಗಾಜನ್ನು ಬೆರಳುಗಳಲ್ಲಿ ಹಿಡಿದು ಲೆನ್ಸ್‌ನ ಮುಂದೆ ತಿರುಗಿಸಿ, ಪರದೆಯಲ್ಲಿ ನೋಡಿಕೊಂಡು ತೆಗೆಯಬಹುದು. ಇದಕ್ಕೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಖರ್ಚಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಡಬೇಕು.

ಸುರಿಯುವ ಮಳೆ ಚಿತ್ರದಲ್ಲಿ ಕಾಣದಿರುವುದೇಕೆ

ಪ್ರತಿ ಮಳೆಹನಿಯೂ ಒಂದು ಪುಟ್ಟ ಲೆನ್ಸ್. ಅದು ಸುತ್ತಲಿನ ವಿಶಾಲ ದೃಶ್ಯವನ್ನು, ಮುಖ್ಯವಾಗಿ ಆಕಾಶವನ್ನು, ತನ್ನೊಳಗೆ ತಲೆಕೆಳಗಾಗಿ ಹಿಡಿದಿರುತ್ತದೆ. ಆದ್ದರಿಂದ ಹನಿಯ ಹೊಳಪು ಹೆಚ್ಚುಕಡಿಮೆ ಆಕಾಶದಷ್ಟೇ ಇರುತ್ತದೆ. ಬಿಳಿ ಮೋಡದ ಹಿನ್ನೆಲೆಯಲ್ಲಿ ಬಿಳಿ ಹನಿ ಕಾಣುವುದಾದರೂ ಹೇಗೆ? ಮರದ ಕಾಂಡ, ಸೇತುವೆಯ ಅಡಿಭಾಗ, ಕಡುಹಸಿರು ಪೊದೆ, ಇಂಥ ಕಪ್ಪು ಹಿನ್ನೆಲೆಯ ಎದುರು ಮಾತ್ರ ಮಳೆ ಕಾಣುತ್ತದೆ.

ಎರಡನೆಯ ಕಾರಣ ಸಮಯ. ಎರಡು ಮಿಲಿಮೀಟರ್ ಅಗಲದ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಬೀಳುತ್ತದೆ. 1/1000 ಸೆಕೆಂಡಿನಲ್ಲಿ ಅದು ಚಲಿಸುವುದು 6.5 ಮಿಲಿಮೀಟರ್, ಚಿತ್ರದಲ್ಲಿ ಅದು ಧೂಳಿನ ಕಣದಂತೆ ಕಂಡು ಮಳೆಯೆಂಬ ಭಾವನೆ ಬರುವುದಿಲ್ಲ. 1/60 ಸೆಕೆಂಡಿನಲ್ಲಿ 11 ಸೆಂಟಿಮೀಟರ್ ಉದ್ದದ ಗೆರೆಯಾಗುತ್ತದೆ, ಕಣ್ಣು ಮಳೆಯೆಂದು ಗುರುತಿಸುವುದು ಇದನ್ನೇ. ಶಟರ್ ಇನ್ನೂ ನಿಧಾನವಾಗಿ ಕಾಲು ಸೆಕೆಂಡಿಗೆ ಬಂದರೆ ಗೆರೆ ಒಂದೂವರೆ ಮೀಟರ್ ಮೀರುತ್ತದೆ, ಆದರೆ ಹನಿ ಯಾವುದೇ ಒಂದು ಬಿಂದುವಿನ ಮುಂದೆ ಇದ್ದದ್ದು ಕ್ಷಣಾರ್ಧಕ್ಕಿಂತಲೂ ಕಡಿಮೆ ಕಾಲವಾದ್ದರಿಂದ ಅದರ ಬೆಳಕು ಹಿನ್ನೆಲೆಯ ಬೆಳಕಿನಲ್ಲಿ ಕರಗಿ ಮಳೆಯೇ ಅಳಿಸಿಹೋಗುತ್ತದೆ. ಹೀಗಾಗಿ 1/60ರಿಂದ 1/125 ಸೆಕೆಂಡಿನ ನಡುವೆ, ಕಪ್ಪು ಹಿನ್ನೆಲೆಯ ಎದುರು ಪ್ರಯತ್ನಿಸುವುದು ಫಲ ಕೊಡುತ್ತದೆ.

ಬೆಳಕು ಕಡಿಮೆಯೆಂದು ಕ್ಯಾಮೆರಾ ತಾನಾಗಿ ಫ್ಲ್ಯಾಶ್ ಹಾರಿಸಿದರೆ ಬೇರೆಯೇ ತೊಂದರೆ. ಫ್ಲ್ಯಾಶ್‌ನ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದರಿಂದ 30 ಸೆಂಟಿಮೀಟರ್ ದೂರದ ಹನಿಗೆ 3 ಮೀಟರ್ ದೂರದ ವ್ಯಕ್ತಿಗಿಂತ ನೂರು ಪಟ್ಟು ಹೆಚ್ಚು ಬೆಳಕು ಬೀಳುತ್ತದೆ. ಪುಟ್ಟ ಕ್ಯಾಮೆರಾದಲ್ಲಿ ಫ್ಲ್ಯಾಶ್ ಲೆನ್ಸ್‌ನ ಪಕ್ಕದಲ್ಲೇ ಇರುವುದರಿಂದ ಆ ಬೆಳಕು ನೇರ ಹಿಂದಿರುಗಿ, ಚಿತ್ರದ ತುಂಬ ದುಂಡನೆಯ ಬಿಳಿ ಮಚ್ಚೆಗಳು ತೇಲುತ್ತವೆ. ಹೊರಡುವ ಮುನ್ನವೇ ಫ್ಲ್ಯಾಶ್ ಅನ್ನು ಆರಿಸಿಡಬೇಕು.

ಗಾಜಿನ ಮೇಲೆ ಒಂದು ಹನಿ

ದೊಡ್ಡ ಕ್ಯಾಮೆರಾದಲ್ಲಿ 50 ಮಿಲಿಮೀಟರ್ ಲೆನ್ಸ್‌ನ ಎಫ್ 2.8 ರಂಧ್ರ ಸುಮಾರು 18 ಮಿಲಿಮೀಟರ್ ಅಗಲವಿರುತ್ತದೆ. ಮುಂದಿನ ಗಾಜಿನ ಮೇಲೆ ಒಂದು ಹನಿ ಕುಳಿತರೂ ಸುತ್ತಲಿನಿಂದ ಸಾಕಷ್ಟು ಬೆಳಕು ಸರಿಯಾಗಿ ಒಳಬರುತ್ತದೆ. ನಾಲ್ಕೂವರೆ ಮಿಲಿಮೀಟರ್ ಲೆನ್ಸ್‌ನಲ್ಲಿ ಅದೇ ಎಫ್ 2.8 ಎಂದರೆ 1.6 ಮಿಲಿಮೀಟರ್ ಮಾತ್ರ. ಎರಡು ಮಿಲಿಮೀಟರ್‌ನ ಒಂದೇ ಹನಿ ಚಿತ್ರದ ಒಂದು ಭಾಗಕ್ಕೆ ಬರುವ ಬೆಳಕನ್ನು ಪೂರ್ತಿಯಾಗಿ ಅಡ್ಡಗಟ್ಟಿ ಕಲಸಿಬಿಡಬಲ್ಲದು. ಚಿಕ್ಕ ಪರದೆಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಆದ್ದರಿಂದ ಒಣಗಿದ ಮೈಕ್ರೋಫೈಬರ್ ಬಟ್ಟೆಯೊಂದನ್ನು ಒಳಜೇಬಿನಲ್ಲಿಟ್ಟುಕೊಂಡು ಪ್ರತಿ ಚಿತ್ರಕ್ಕೂ ಮುನ್ನ ಗಾಜನ್ನು ನೋಡುವುದು, ಲೆನ್ಸ್ ಅನ್ನು ಆದಷ್ಟು ಕೆಳಮುಖವಾಗಿ ಅಥವಾ ಗಾಳಿಗೆ ಬೆನ್ನಾಗಿ ಹಿಡಿಯುವುದು, ತೆಗೆಯುವ ಕ್ಷಣದವರೆಗೆ ಅಂಗೈಯಿಂದ ಮರೆಮಾಡುವುದು ಬಹಳ ಮುಖ್ಯ.

ಫೋಕಸ್ ಕೂಡ ಮಳೆಯಲ್ಲಿ ತಡವರಿಸುತ್ತದೆ. ಹೆಚ್ಚಿನ ಕಾಂಪ್ಯಾಕ್ಟ್‌ಗಳು ಕಪ್ಪು ಬಿಳುಪಿನ ಅಂಚುಗಳು ಎಲ್ಲಿ ಅತಿ ಚೂಪಾಗಿವೆ ಎಂದು ಹುಡುಕಿ ಫೋಕಸ್ ಮಾಡುತ್ತವೆ. ಮಂಜಿನಲ್ಲಾಗಲಿ ಬೂದು ನೀರಿನಲ್ಲಾಗಲಿ ಅಂಥ ಅಂಚೇ ಸಿಗುವುದಿಲ್ಲ. ತೆಗೆಯಬೇಕಾದ ವಸ್ತುವಿನಷ್ಟೇ ದೂರದಲ್ಲಿರುವ ಮರದ ಕಾಂಡದ ಅಂಚಿಗೆ ಗುರಿಯಿಟ್ಟು ಗುಂಡಿಯನ್ನು ಅರ್ಧ ಒತ್ತಿ, ಹಾಗೇ ಹಿಡಿದು ಚೌಕಟ್ಟನ್ನು ಸರಿಪಡಿಸಿಕೊಂಡು ಪೂರ್ತಿ ಒತ್ತಬೇಕು.

ಹರಿವನ್ನು ನಯವಾಗಿ ತೋರಿಸುವುದು

ಹರಿಯುವ ನೀರು ನೂಲಿನ ಎಳೆಗಳಂತೆ ಕಾಣುವ ಚಿತ್ರಗಳಿಗೆ ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗಿನ ಶಟರ್ ಬೇಕು. ಬಿಸಿಲಿನಲ್ಲಿ ಇದು ಪುಟ್ಟ ಕ್ಯಾಮೆರಾಗೆ ಸಾಧ್ಯವೇ ಇಲ್ಲ; ಮಳೆಮೋಡದ ಅಡಿಯಲ್ಲಿ ಐಎಸ್ಒ 100, ಎಫ್ 8 ಇಟ್ಟರೆ 1/15 ಸೆಕೆಂಡ್ ತಾನಾಗಿ ಸಿಗುತ್ತದೆ, ಮರಗಳ ಅಡಿಯಲ್ಲಾದರೆ ಕಾಲು ಸೆಕೆಂಡ್. ಕೆಲವು ಕಾಂಪ್ಯಾಕ್ಟ್‌ಗಳ ಒಳಗೇ ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಎನ್‌ಡಿ ಫಿಲ್ಟರ್ ಇರುತ್ತದೆ. ಅದನ್ನು ಬಳಸಿದರೆ ತೆರೆದ ದಂಡೆಯಲ್ಲೂ ಅರ್ಧ ಸೆಕೆಂಡ್ ಸಿಗುತ್ತದೆ. ಎಫ್ 8ರಿಂದ ತೀಕ್ಷ್ಣತೆ ಸ್ವಲ್ಪ ಕುಗ್ಗಿದರೂ ಈ ಬಗೆಯ ಚಿತ್ರಕ್ಕೆ ಆ ಬೆಲೆ ತೆರಬಹುದು. ಕ್ಯಾಮೆರಾವನ್ನು ಪುಟ್ಟ ಟ್ರೈಪಾಡ್ ಅಥವಾ ಸ್ಥಿರವಾದ ಬಂಡೆಯ ಮೇಲಿಟ್ಟು, ಬೆರಳ ಒತ್ತು ಅಲುಗಿಸದಂತೆ ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಹಾಕಬೇಕು.

ಕ್ಯಾಮೆರಾ ಎಷ್ಟು ನೆನೆಯಬಹುದು

ನೀರಿನಿಂದ ಸಿಗುವ ರಕ್ಷಣೆಯನ್ನು ಐಪಿ ಎಂಬ ಅಂತರರಾಷ್ಟ್ರೀಯ ಸಂಕೇತದಲ್ಲಿ ಸೂಚಿಸುತ್ತಾರೆ. ಐಪಿಎಕ್ಸ್4 ಎಂದರೆ ಯಾವ ದಿಕ್ಕಿನಿಂದ ನೀರು ಸಿಡಿದರೂ ತಡೆಯುತ್ತದೆ ಎಂದು. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದರೂ ಹಾನಿಯಿಲ್ಲವೆಂದು. ಐಪಿಎಕ್ಸ್8 ಅದಕ್ಕೂ ಮೀರಿದ್ದು, ಆಳ ಮತ್ತು ಸಮಯವನ್ನು ತಯಾರಕರೇ ಹೇಳುತ್ತಾರೆ. ಒಲಿಂಪಸ್ ಕಂಪನಿಯ ಟಿಜಿ-6 ಮಾದರಿ 15 ಮೀಟರ್ ಆಳದವರೆಗೆ ಜಲನಿರೋಧಕ. ಇಂಥ ಕ್ಯಾಮೆರಾಗಳಲ್ಲಿ ಜೂಮ್ ಮಾಡಿದರೂ ಲೆನ್ಸ್ ಹೊರಚಾಚುವುದಿಲ್ಲ ಎಂಬುದನ್ನು ಗಮನಿಸಿ. ಬ್ಯಾಟರಿ ಬಾಗಿಲ ಅಂಚಿನ ರಬ್ಬರ್ ಮೇಲೆ ಒಂದು ಕೂದಲೋ ಮರಳಿನ ಕಣವೋ ಕುಳಿತಿದ್ದರೂ ನೀರು ಒಳನುಗ್ಗಬಹುದಾದ್ದರಿಂದ ಪ್ರತಿ ಸಲ ಅದನ್ನು ಒರೆಸಿ ಮುಚ್ಚಬೇಕು.

ಸಾಮಾನ್ಯ ಕಾಂಪ್ಯಾಕ್ಟ್‌ಗಳಿಗೆ ಇಂಥ ರಕ್ಷಣೆಯಿಲ್ಲ. ಅವುಗಳ ದುರ್ಬಲ ಜಾಗ ಹೊರಚಾಚುವ ಲೆನ್ಸ್ ಕೊಳವೆ. ಒದ್ದೆಯಾದ ಕೊಳವೆಯನ್ನು ಒರೆಸದೆ ಕ್ಯಾಮೆರಾ ಆರಿಸಿದರೆ, ಅದು ಒಳಸರಿಯುವಾಗ ಮೈಮೇಲಿನ ನೀರನ್ನೂ ಒಳಗೆ ಕೊಂಡೊಯ್ಯುತ್ತದೆ. ಮಳೆಯಲ್ಲಿ ಪದೇ ಪದೇ ಆರಿಸಿ ಹೊತ್ತಿಸುವ ಅಭ್ಯಾಸವನ್ನು ಬಿಡುವುದು, ಆರಿಸುವ ಮುನ್ನ ಒರೆಸುವುದು ಇದಕ್ಕೆ ಪರಿಹಾರ. ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡಿ, ಲೆನ್ಸ್ ಸುತ್ತ ರಬ್ಬರ್ ಬ್ಯಾಂಡ್ ಸಡಿಲವಾಗಿ ಸುತ್ತಿದರೆ ತುಂತುರಿಗೆ ಸಾಕಾಗುತ್ತದೆ. ಆದರೆ ಜೂಮ್ ಕೊಳವೆಯ ಚಲನೆಗೆ ಅಡ್ಡಿಯಾಗಬಾರದು. ಕೊಡೆಯನ್ನು ಹೆಗಲಿಗೂ ಕೆನ್ನೆಗೂ ನಡುವೆ ಒತ್ತಿಹಿಡಿಯುವುದಕ್ಕಿಂತ ಜೊತೆಗೆ ಬಂದವರ ಕೈಗೆ ಕೊಡುವುದು ಮೇಲು.

ದಂಡೆಯ ಮೇಲಿನ ಎಚ್ಚರ

ಪರದೆ ನೋಡುತ್ತಾ ನಡೆಯಬಾರದು. ನಿಂತು ತೆಗೆದು, ಕ್ಯಾಮೆರಾ ಇಳಿಸಿ, ಆಮೇಲೆ ಹೆಜ್ಜೆಯಿಡಬೇಕು. ವೇಗವಾಗಿ ಹರಿಯುವ ನೀರು 15 ಸೆಂಟಿಮೀಟರ್ ಆಳವಿದ್ದರೂ ವಯಸ್ಕರನ್ನು ಕೆಡವಬಲ್ಲದು. ನೀವು ನಿಂತಲ್ಲಿ ಮಳೆ ನಿಂತಿದ್ದರೂ ಮೇಲ್ಭಾಗದಲ್ಲಿ ಸುರಿದ ಮಳೆ ತಡವಾಗಿ ಇಲ್ಲಿಗೆ ತಲುಪುತ್ತದೆ: ನೀರಿನ ಬಣ್ಣ ಒಮ್ಮೆಲೇ ಕೆಂಪಾಗುವುದು, ಕಸಕಡ್ಡಿ ತೇಲಿಬರುವುದು, ಸದ್ದು ಹೆಚ್ಚುವುದು ಅದರ ಸೂಚನೆಗಳು, ಕಂಡೊಡನೆ ಎತ್ತರಕ್ಕೆ ಸರಿಯಬೇಕು. ಗುಡುಗು ಕೇಳಿಸಿದರೆ ಕಟ್ಟಡದೊಳಗೆ ಅಥವಾ ಮುಚ್ಚಿದ ವಾಹನದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು.

ಮರಳಿದ ನಂತರ

ತಂಪಾಗಿರುವ ಕ್ಯಾಮೆರಾ ಬೆಚ್ಚಗಿನ, ತೇವ ತುಂಬಿದ ಗಾಳಿಗೆ ಬಂದಾಗ ಅದರ ಮೇಲೆ ಹನಿಗಟ್ಟುತ್ತದೆ. ಬೆಚ್ಚಗಿನ ಗಾಳಿ ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು: 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ ಘನ ಮೀಟರ್‌ಗೆ ಗರಿಷ್ಠ 30 ಗ್ರಾಂ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. ತಣ್ಣಗಿನ ಗಾಜಿಗೆ ತಾಗಿದ ಗಾಳಿ ತಂಪಾಗಿ, ಹಿಡಿದಿಡಲಾಗದ ಆವಿಯನ್ನು ಅಲ್ಲೇ ಬಿಡುತ್ತದೆ. ಇದು ಹವಾನಿಯಂತ್ರಿತ ಕಾರಿನಿಂದ ಮಳೆಗೆ ಇಳಿದಾಗಲೂ ಆಗುತ್ತದೆ, ಚಳಿಯ ಹೊರಗಿನಿಂದ ಬೆಚ್ಚಗಿನ ಮನೆಗೆ ಬಂದಾಗಲೂ ಆಗುತ್ತದೆ. ಎರಡೂ ಕಡೆ ಉಪಾಯ ಒಂದೇ: ಸ್ಥಳ ಬದಲಿಸುವ ಮುನ್ನ ಮೈ ಒರೆಸಿದ ಕ್ಯಾಮೆರಾವನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ, ಅದು ಹೊಸ ಜಾಗದ ಉಷ್ಣತೆಗೆ ಬರುವವರೆಗೆ ಅರ್ಧ ಗಂಟೆಯಷ್ಟು ಕಾಲ ತೆರೆಯದಿರುವುದು. ಹನಿಗಟ್ಟುವುದೇನಿದ್ದರೂ ಚೀಲದ ಹೊರಮೈಗೆ ಆಗುತ್ತದೆ.

ಒಳಗೆ ನೀರು ಹೋಗಿದೆಯೆಂಬ ಅನುಮಾನವಿದ್ದರೆ ಕ್ಯಾಮೆರಾವನ್ನು ಹೊತ್ತಿಸಿ ಪರೀಕ್ಷಿಸಲು ಹೋಗಬಾರದು. ನೀರು ಮತ್ತು ವಿದ್ಯುತ್ ಸೇರಿದಾಗಲೇ ಒಳಗಿನ ವಿದ್ಯುತ್ ಮಂಡಲಗಳು ಸುಡುವುದು. ಕೂಡಲೇ ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ತೆಗೆದು, ಬಾಗಿಲುಗಳನ್ನು ತೆರೆದಿಟ್ಟು, ಗಾಳಿಯಾಡುವ ಒಣ ಜಾಗದಲ್ಲಿ ಒಂದೆರಡು ದಿನ ಬಿಡಬೇಕು. ಬಿಸಿಗಾಳಿ ಊದುವ ಯಂತ್ರ ಬೇಡ, ಅದು ನೀರನ್ನು ಇನ್ನೂ ಒಳಕ್ಕೆ ತಳ್ಳಬಹುದು. ಏನೂ ಆಗಿಲ್ಲದಿದ್ದರೂ ತೇವ ಆರುವ ಮುನ್ನ ಚರ್ಮದ ಅಥವಾ ಬಟ್ಟೆಯ ಚೀಲದೊಳಗೆ ಮುಚ್ಚಿಡುವುದು ಅಪಾಯಕಾರಿ: ಕತ್ತಲು ಮತ್ತು ತೇವ ಕೂಡಿದಲ್ಲಿ ಲೆನ್ಸ್‌ನ ಒಳಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ, ಮತ್ತು ಅದು ಗಾಜಿನ ಲೇಪನವನ್ನೇ ಕೊರೆದುಬಿಟ್ಟರೆ ಒರೆಸಿ ತೆಗೆಯಲಾಗುವುದಿಲ್ಲ. ಪೂರ್ತಿ ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಒಳಗಿನ ತೇವಾಂಶ ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಬೇಕು. ಪೊಟ್ಟಣಗಳು ತೇವ ಹೀರಿ ತುಂಬಿದಾಗ ಅವುಗಳನ್ನು ಬದಲಿಸಬೇಕು ಅಥವಾ ಬಿಸಿ ಮಾಡಿ ಒಣಗಿಸಿಕೊಳ್ಳಬೇಕು.